ಕೊಡುವುದಕ್ಕಿಂತ ಕಾಯುವುದು ದೊಡ್ಡದು



ಅರಸನ ಕರ್ತವ್ಯ ಯಾವುದು ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ಥಟ್ಟನೆ ಕೊಡುವ ಉತ್ತರ ‘ದುಷ್ಟರ ಶಿಕ್ಷೆ, ಶಿಷ್ಟರ ರಕ್ಷೆ’ ಎಂಬುದು. ಈ ಮಾತು ನಮ್ಮ ಶಾಸನಗಳಲ್ಲಿ ‘ದುಷ್ಟನಿಗ್ರಹ ಶಿಷ್ಟಪರಿಪಾಲನ’ ಎಂಬ ರೂಪದಲ್ಲಿ ಮತ್ತೆ ಮತ್ತೆ ಬರುತ್ತದೆ. ಅರಸರನ್ನು ಹೊಗಳುವಾಗ ಶಾಸನ ಕವಿಗಳಿಗೆ ಇದು ಕೈಗೆಟುಕುವ ಮಾತು. ಬಹಳ ಕೈ ಬದಲಾದ ನಾಣ್ಯದ ಮೇಲಿನ ಅಚ್ಚು ಸವೆದುಹೋಗುವ ಹಾಗೆ ಈ ಮಾತಿನ ಅರ್ಥವೂ ಸವೆದುಹೋಗಿದೆ.

ಯಾರು ದುಷ್ಟ, ಯಾರು ಶಿಷ್ಟ ಎಂಬುದು ಎಲ್ಲರಿಗೂ ಗೊತ್ತಿರುವಾಗ ಅರಸನ ಕೆಲಸ ಸುಲಭ. ಕಳ್ಳನನ್ನು ಹಿಡಿದರಾಯಿತು, ದಂಡಿಸಿದರಾಯಿತು. ಆದರೆ ಎರಡು ಕಡೆಯವರೂ ಸಜ್ಜನರೇ ಆಗಿದ್ದು, ಇಬ್ಬರೂ ಅದೇ ಅರಸನ ಪ್ರಜೆಗಳಾಗಿದ್ದು, ಅವರ ನಡುವೆಯೇ ವ್ಯಾಜ್ಯ ಹುಟ್ಟಿದರೆ? ಅದರಲ್ಲೂ ಒಂದು ಪಕ್ಷದ ಬಲ ಏರುತ್ತಿದ್ದು, ಇನ್ನೊಂದು ಪಕ್ಷದ ಬಲ ಇಳಿಯುತ್ತಿದ್ದರೆ? ಆಗ ಅರಸನ ಹೊಣೆ ಏನು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ದೂರ ಹೋಗಬೇಕಾಗಿಲ್ಲ. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಭಂಡಾರಿ ಬಸದಿಯಲ್ಲಿ, 1368ರ ಒಂದು ಕಲ್ಲು ಇದೆ. ಇಂದಿನ ನನ್ನ ಮಾತೆಲ್ಲ ಆ ಕಲ್ಲಿನ ಸುತ್ತ. ಅದಕ್ಕೆ ಮೊದಲು, ಅರಸುತನದ ಬಗ್ಗೆ ನಮ್ಮ ಹಿರಿಯರ ಕಲ್ಪನೆ ಏನಾಗಿತ್ತು ಎಂಬುದನ್ನು ಸ್ವಲ್ಪ ನೋಡೋಣ.

ಧರ್ಮಶಾಸ್ತ್ರಕಾರರ ಪ್ರಕಾರ ಬೆಳೆಯಲ್ಲಿ ಆರನೆಯ ಒಂದು ಪಾಲು ಅರಸನಿಗೆ ಸಲ್ಲಬೇಕು. ನೆಲದ ಗುಣ ನೋಡಿ ಇದು ಎಂಟರಲ್ಲಿ ಒಂದು, ಹನ್ನೆರಡರಲ್ಲಿ ಒಂದು ಆಗುವುದೂ ಉಂಟು. ಈ ಪಾಲು ಅರಸನಿಗೆ ಏಕೆ? ನೆಲ ಅವನದೆಂದಲ್ಲ, ಪ್ರಜೆಗಳನ್ನು ಕಾಯುತ್ತಾನೆಂದು. ಅಂದರೆ ಅದು ಒಂದು ಬಗೆಯ ಕೂಲಿ. ಮನುಸ್ಮೃತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಚೆನ್ನಾಗಿ ಕಾಯುವ ಅರಸನಿಗೆ ಪ್ರಜೆಗಳ ಪುಣ್ಯದಲ್ಲಿಯೂ ಆರನೆಯ ಒಂದು ಪಾಲು ದಕ್ಕುತ್ತದೆ. ಕಾಯದೆ ಕಂದಾಯ ಮಾತ್ರ ಎತ್ತುವವನಿಗೆ ಅವರ ಪಾಪದಲ್ಲಿ ಅಷ್ಟೇ ಪಾಲು ಅಂಟಿಕೊಳ್ಳುತ್ತದೆ ಎಂದು ಅದು ಹೇಳುತ್ತದೆ. ಪಾಪ ಪುಣ್ಯಗಳ ಈ ಲೆಕ್ಕವನ್ನು ನಾವು ನಂಬಲಿ ಬಿಡಲಿ, ಅದರ ಹಿಂದಿನ ವಿಚಾರ ಸ್ಪಷ್ಟವಾಗಿದೆ. ತೆರಿಗೆ ಮತ್ತು ರಕ್ಷಣೆ ಒಂದೇ ತಕ್ಕಡಿಯ ಎರಡು ತಟ್ಟೆಗಳು.

ದಾನಶಾಸನಗಳ ಕೊನೆಯಲ್ಲಿ ಬರುವ ಶ್ಲೋಕಗಳಲ್ಲೂ ಇಂಥದೇ ಒಂದು ವಿಚಾರವಿದೆ. ತಾನು ಹೊಸದಾಗಿ ದಾನ ಕೊಡುವುದಕ್ಕಿಂತ, ಹಿಂದಿನವರು ಕೊಟ್ಟದ್ದನ್ನು ಕಾಪಾಡುವುದೇ ಹೆಚ್ಚಿನದು ಎಂಬುದು ಅವುಗಳಲ್ಲೊಂದರ ಭಾವ. ಕೊಟ್ಟವನಿಗೆ ಹೆಸರು ಬರುತ್ತದೆ. ಕಾದವನಿಗೆ ಹೆಸರು ಬರುವುದು ಕಡಿಮೆ. ಆದರೂ ನಮ್ಮ ಹಿರಿಯರು ಕಾಯುವವನನ್ನೇ ಮೇಲಿಟ್ಟರು. ಇದನ್ನು ನೆನಪಿನಲ್ಲಿಡಬೇಕು.

ನಮ್ಮ ಹಾಸನ ಜಿಲ್ಲೆಯ ಕಲ್ಲುಗಳಲ್ಲಿ ಈ ಹೊಣೆಯ ನಾನಾ ಮುಖಗಳನ್ನು ಕಾಣಬಹುದು. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದೆಂದು ಎಲ್ಲರೂ ಬಲ್ಲ ಹಲ್ಮಿಡಿ ಶಾಸನ ದೊರೆತದ್ದು ಬೇಲೂರು ತಾಲ್ಲೂಕಿನಲ್ಲಿ. ಅದರ ಕಾಲ ಸುಮಾರು ಕ್ರಿ.ಶ. 450 ಎಂದು ವಿದ್ವಾಂಸರು ಹೇಳುತ್ತಾರೆ. ಅದನ್ನು ನಾವು ಭಾಷೆಯ ದೃಷ್ಟಿಯಿಂದ ಮಾತ್ರ ನೋಡುತ್ತೇವೆ. ಅದರ ವಿಷಯವೇನು? ಯುದ್ಧದಲ್ಲಿ ಹೋರಾಡಿದ ವಿಜಅರಸ ಎಂಬ ವೀರನಿಗೆ ‘ಬಾಳ್ಗಳ್ಚು’ ಆಗಿ, ಎಂದರೆ ಕತ್ತಿ ತೊಳೆಯುವ ವಿಧಿಯ ಕೊಡುಗೆಯಾಗಿ, ಎರಡು ಹಳ್ಳಿಗಳನ್ನು ಕೊಟ್ಟ ಸಂಗತಿ. ತನಗಾಗಿ ಕತ್ತಿ ಹಿಡಿದವನ ಋಣವನ್ನು ಆಳುವವನು ತೀರಿಸಬೇಕು ಎಂಬುದು ಅಲ್ಲಿನ ತಿರುಳು. ಮುಂದಿನ ಕಾಲದಲ್ಲಿ, ಊರಿನ ದನ ಬಿಡಿಸಲು ಹೋಗಿ ಸತ್ತವರ ಮನೆಯವರಿಗೆ ನೆತ್ತರುಗೊಡಗೆಯೆಂದು ಹೊಲ ಬಿಟ್ಟದ್ದೂ, ಕೆರೆ ಕಟ್ಟಿದವರಿಗೆ ಕಟ್ಟುಗೊಡಗೆ ಕೊಟ್ಟದ್ದೂ ಇದೇ ಹೊಣೆಯ ಮುಂದುವರಿಕೆ.

ಹೊಯ್ಸಳ ವಿಷ್ಣುವರ್ಧನನನ್ನು ತೆಗೆದುಕೊಳ್ಳಿ. 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸಿದ ವೈಷ್ಣವ ಅರಸ ಅವನು. ಅವನ ಪಟ್ಟದರಸಿ ಶಾಂತಲೆ ಜೈನಳು. 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಅವನ ದಂಡನಾಯಕ ಗಂಗರಾಜನೂ ಜೈನ. ಗಂಗರಾಜನ ಮಗ ಬೊಪ್ಪ 1133ರಲ್ಲಿ ಹಳೇಬೀಡಿನಲ್ಲಿ ಕಟ್ಟಿಸಿದ ಬಸದಿಯಿಂದ ಪ್ರಸಾದ ಬಂದಾಗ, ಅರಸನಿಗೆ ಯುದ್ಧದಲ್ಲಿ ಗೆಲುವು ದೊರೆತಿತ್ತು, ಗಂಡುಮಗುವೂ ಹುಟ್ಟಿತ್ತು. ಅವನು ಆ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂದು ಶಾಸನ ಹೇಳುತ್ತದೆ. ತನ್ನ ನಂಬಿಕೆ ತನಗೆ, ಪ್ರಜೆಗಳ ನಂಬಿಕೆಗೂ ತನ್ನ ಅರಮನೆಯಲ್ಲಿ ಮನ್ನಣೆ ಎಂಬ ನಡವಳಿಕೆ ಅದು.

ಇನ್ನೊಂದು ಉದಾಹರಣೆ ಹೆಚ್ಚು ಜನರಿಗೆ ತಿಳಿದಿಲ್ಲ. ಮೂರನೆಯ ನರಸಿಂಹನ ಕಾಲಕ್ಕೆ ಹೊಯ್ಸಳ ರಾಜ್ಯ ಅಣ್ಣತಮ್ಮಂದಿರ ನಡುವೆ ಎರಡು ಪಾಲಾಗಿತ್ತು. ಸೇವುಣರ ಸೈನ್ಯ ದೋರಸಮುದ್ರದ ಬಾಗಿಲಿನವರೆಗೂ ಬಂದು ಹಿಮ್ಮೆಟ್ಟಿತ್ತು. ಹೀಗೆ ಮನೆಯೊಳಗೂ ಹೊರಗೂ ತಾಪತ್ರಯವಿದ್ದ ಕಾಲದಲ್ಲಿ, 1279ರಲ್ಲಿ, ಆ ಅರಸ ಹೆಬ್ಬಾಳೆ ಎಂಬ ಊರಿನ ಹುಟ್ಟುವಳಿಯನ್ನು ಕಾಶಿಗೆ ಬಿಟ್ಟುಕೊಟ್ಟ. ವರ್ಷಕ್ಕೆ 645 ನಾಣ್ಯಗಳಷ್ಟು ಆದಾಯ ಅದು. ಕಾಶಿಯಲ್ಲಿ ತುರುಷ್ಕರು ವಿಧಿಸಿದ್ದ ತೆರಿಗೆಯನ್ನು ಅಲ್ಲಿನ ಜನ ಕಟ್ಟಲಿ ಎಂಬುದು ಉದ್ದೇಶ. ಕಾಶಿ ಅವನ ರಾಜ್ಯವಲ್ಲ. ಅಲ್ಲಿ ಅವನ ಕತ್ತಿ ನಡೆಯುವುದಿಲ್ಲ. ಕತ್ತಿ ನಡೆಯದ ಕಡೆ ಖಜಾನೆಯಿಂದಲಾದರೂ ನೆರವಾಗಬೇಕು ಎಂಬುದು ಅವನ ಅಭಿಪ್ರಾಯವಾಗಿತ್ತು. ದೂರದ ಗಂಗಾತೀರದ ಜನರ ಕಷ್ಟಕ್ಕೆ ಇಲ್ಲಿನ ಒಂದು ಊರಿನ ರೈತರ ಬೆಳೆ ಒದಗಿತು.

ಹೊಣೆ ತಪ್ಪಿದ ಉದಾಹರಣೆಯೂ ಇಲ್ಲದಿಲ್ಲ. 1310–11ರಲ್ಲಿ ಪಾಂಡ್ಯರ ದಾಯಾದಿ ಜಗಳದಲ್ಲಿ ಲಾಭ ಪಡೆಯಲೆಂದು ಮೂರನೆಯ ಬಲ್ಲಾಳ ತಮಿಳುನಾಡಿನ ಕಡೆ ದಂಡೆತ್ತಿ ಹೋಗಿದ್ದ. ಆ ಹೊತ್ತಿಗೆ ಮಲಿಕ್ ಕಾಫರನ ಸೈನ್ಯ ದೋರಸಮುದ್ರಕ್ಕೆ ಬಂದಿತು. ಬಲ್ಲಾಳ ಅವಸರದಿಂದ ಹಿಂದಿರುಗಿದರೂ ಕೊನೆಗೆ ಸಂಪತ್ತನ್ನು ಒಪ್ಪಿಸಿ ಸಂಧಿ ಮಾಡಿಕೊಳ್ಳಬೇಕಾಯಿತು. ಆಮೇಲೆ ಅವನು ಮೂರು ದಶಕಗಳ ಕಾಲ ಹೋರಾಡಿದ್ದೂ, ಎಂಬತ್ತರ ಆಸುಪಾಸಿನ ವಯಸ್ಸಿನಲ್ಲಿ ಮಧುರೆಯ ಸುಲ್ತಾನರ ಕೈಯಲ್ಲಿ ಮಡಿದದ್ದೂ ನಿಜ. ಶೂರನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶೌರ್ಯ ಬೇರೆ, ಕಾವಲು ಬೇರೆ ಎಂಬುದನ್ನು ಆ ಕತೆ ಹೇಳುತ್ತದೆ.

ಈಗ ಭಂಡಾರಿ ಬಸದಿಯ ಕಲ್ಲಿಗೆ ಬರೋಣ. ಈ ಬಸದಿಯನ್ನು ಕಟ್ಟಿಸಿದವನು ಒಂದನೆಯ ನರಸಿಂಹನ ಭಂಡಾರಿ, ಎಂದರೆ ಖಜಾನೆಯ ಅಧಿಕಾರಿ, ಹುಳ್ಳ. ಕಾಲ 1159. ಅರಸ ಸ್ವತಃ ಇಲ್ಲಿಗೆ ಬಂದು ಬಸದಿಗೆ ಭವ್ಯಚೂಡಾಮಣಿ ಎಂಬ ಹೆಸರಿಟ್ಟು, ಸವಣೇರು ಎಂಬ ಊರನ್ನು ದತ್ತಿಯಾಗಿ ಬಿಟ್ಟ. ಜೈನರ ಭಾಗ್ಯ ಏರಿದ್ದ ಕಾಲ ಅದು. ಇನ್ನೂರು ವರ್ಷ ಕಳೆಯುವುದರೊಳಗೆ ಹೊಯ್ಸಳರು ಹೋದರು, ವಿಜಯನಗರ ಬಂದಿತು. ಜೈನರಿಗೆ ಆಸರೆಯಾಗಿದ್ದ ದಂಡನಾಯಕರೂ ಭಂಡಾರಿಗಳೂ ಇಲ್ಲವಾದರು. ಇತ್ತ ಮೇಲುಕೋಟೆ, ಅತ್ತ ಶ್ರೀರಂಗ, ಕಂಚಿ, ತಿರುಮಲೆಗಳಲ್ಲಿ ಶ್ರೀವೈಷ್ಣವರ ಪ್ರಭಾವ ಬೆಳೆದಿತ್ತು. ಮೇಲುಕೋಟೆಗೂ ಬೆಳಗೊಳಕ್ಕೂ ದೂರ ಹೆಚ್ಚಿಲ್ಲ ಎಂಬುದು ನಿಮಗೆ ಗೊತ್ತೇ ಇದೆ.

ಶಕವರ್ಷ 1290, ಕೀಲಕ ಸಂವತ್ಸರದಲ್ಲಿ, ಜೈನರಿಗೂ ಭಕ್ತರಿಗೂ, ಎಂದರೆ ಶ್ರೀವೈಷ್ಣವರಿಗೂ, ವ್ಯಾಜ್ಯ ಹುಟ್ಟಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ಸ್ಥಳಗಳ ಭವ್ಯಜನರು, ಎಂದರೆ ಜೈನರು, ಬುಕ್ಕರಾಯನ ಬಳಿಗೆ ಹೋಗಿ ಭಕ್ತರು ಮಾಡುತ್ತಿರುವ ಅನ್ಯಾಯವನ್ನು ಬಿನ್ನವಿಸಿದರು. ಅರಸ ಏನು ಮಾಡಿದ? ಎರಡೂ ಕಡೆಯವರನ್ನು ಕರೆಸಿದ. ಕೋವಿಲ್, ತಿರುಮಲೆ, ಪೆರುಮಾಳ್ ಕೋವಿಲ್, ತಿರುನಾರಾಯಣಪುರಗಳ ಆಚಾರ್ಯರು ಮೊದಲಾಗಿ ತಿರುಕುಲ, ಜಾಂಬವಕುಲದವರ ತನಕ, ಹದಿನೆಂಟು ನಾಡುಗಳ ಶ್ರೀವೈಷ್ಣವರೆಲ್ಲ ಈ ಒಪ್ಪಂದಕ್ಕೆ ಒಳಪಟ್ಟವರೆಂದು ಶಾಸನ ಪಟ್ಟಿ ಕೊಡುತ್ತದೆ. ಅವರೆಲ್ಲರ ಎದುರಿನಲ್ಲಿ ಬುಕ್ಕರಾಯ ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇಟ್ಟ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ ಎಂದು ಸಾರಿದ.

ಈ ದೃಶ್ಯ ಮನಸ್ಸಿಗೆ ಹಿತವಾಗಿದೆ. ಆದರೆ ಅಲ್ಲಿಗೇ ನಿಂತರೆ ಶಾಸನದ ಬೆಲೆ ನಮಗೆ ತಿಳಿಯುವುದಿಲ್ಲ. ಕೈಗೆ ಕೈ ಕೂಡಿಸುವುದು ಯಾರಿಗೂ ಕಷ್ಟವಲ್ಲ. ಜನ ಚದುರಿದ ಮೇಲೆ ಆ ಕೈಗಳು ಏನು ಮಾಡುತ್ತವೆ ಎಂಬುದೇ ಪ್ರಶ್ನೆ. ಬುಕ್ಕರಾಯನ ಜಾಣ್ಮೆ ಇರುವುದು ಆ ಪ್ರಶ್ನೆಗೆ ಒಂದೊಂದಾಗಿ ಉತ್ತರ ಬರೆಸಿಟ್ಟದ್ದರಲ್ಲಿ.

ಮೊದಲನೆಯದು, ಹಕ್ಕಿನ ಮಾತು. ಜೈನ ದರ್ಶನಕ್ಕೆ ಹಿಂದಿನ ಮರ್ಯಾದೆಯಂತೆ ಪಂಚಮಹಾವಾದ್ಯಗಳೂ ಕಳಶವೂ ಸಲ್ಲತಕ್ಕವು ಎಂದು ಶಾಸನ ಹೇಳುತ್ತದೆ. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಇವು ಐದು ವಾದ್ಯಗಳು. ಬೀದಿಯಲ್ಲಿ ಇವನ್ನು ಬಾರಿಸಿಕೊಂಡು ಹೋಗುವುದು ಅಂದಿನ ಸಮಾಜದಲ್ಲಿ ಗೌರವದ ಗುರುತು. ಆದ್ದರಿಂದ ಬೀದಿಯಲ್ಲಿ ಯಾರ ವಾದ್ಯ ಮೊಳಗಬೇಕು, ಯಾರದು ನಿಲ್ಲಬೇಕು ಎಂಬುದು ಚಿಕ್ಕ ವಿಷಯವಾಗಿರಲಿಲ್ಲ. ಇಂದಿಗೂ ನಮ್ಮ ಊರುಗಳಲ್ಲಿ ಜಗಳ ಹತ್ತುವುದು ಇಂಥ ವಿಷಯಕ್ಕೇ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಅರಸ ಇಲ್ಲಿ ಹೊಸ ಗೌರವವನ್ನೇನೂ ದಾನ ಮಾಡಲಿಲ್ಲ. ಇದ್ದದ್ದನ್ನು ಕಾದ.

ಎರಡನೆಯದು, ಹೊಣೆಯ ಮಾತು. ಭಕ್ತರಿಂದ ಜೈನ ದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ ಆದರೆ ಅದನ್ನು ವೈಷ್ಣವರು ತಮ್ಮ ದರ್ಶನಕ್ಕೇ ಆದ ಹಾನಿ, ವೃದ್ಧಿಯೆಂದು ಎಣಿಸಬೇಕು. ಕೇವಲ ತಂಟೆಗೆ ಹೋಗಬೇಡಿ ಎಂದು ಅರಸ ಹೇಳಲಿಲ್ಲ, ಕಾಪಾಡಿ ಎಂದ. ಯಾರಿಂದ ಭಯವೋ ಅವರ ಮೇಲೆಯೇ ಅಭಯದ ಹೊಣೆಯನ್ನು ಹೊರಿಸಿದ.

ಮೂರನೆಯದು, ಹಣದ ಮಾತು. ತಿರುಮಲೆಯ ತಾತಯ್ಯನೆಂಬ ಆಚಾರ್ಯನು ರಾಜ್ಯದ ಜೈನರ ಅನುಮತಿಯಿಂದ ಮನೆಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ಅದರಲ್ಲಿ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕು. ಎಷ್ಟು ಹಣ, ಯಾರು ಎತ್ತಬೇಕು, ಎಷ್ಟು ಜನ ಕಾವಲು, ಉಳಿದದ್ದು ಎಲ್ಲಿಗೆ, ಎಲ್ಲವೂ ಬರಹದಲ್ಲಿದೆ. ಆಳುಗಳಿಲ್ಲದೆ ಕಾವಲಿಲ್ಲ, ಹಣವಿಲ್ಲದೆ ಆಳುಗಳಿಲ್ಲ ಎಂಬ ವ್ಯವಹಾರಜ್ಞಾನ ಇಲ್ಲಿ ಕಾಣುತ್ತದೆ.

ನಾಲ್ಕನೆಯದು, ಪ್ರಚಾರದ ಮಾತು. ರಾಜ್ಯದ ಬಸದಿಗಳಲ್ಲೆಲ್ಲ ಈ ಶಾಸನವನ್ನು ಶ್ರೀವೈಷ್ಣವರೇ ನಿಲ್ಲಿಸಬೇಕು. ಇದರ ಇನ್ನೊಂದು ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ದೊರೆತಿದೆ. ಶಾಸನ ಹೇಳುವ ಕಲ್ಲೆಹ ಅದೇ ಊರು. ಆಜ್ಞೆ ಅರಮನೆಯ ಕಡತದಲ್ಲಿ ಮಲಗಲಿಲ್ಲ. ಎಲ್ಲಿ ಬೇಕೋ ಅಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ನಿಂತಿತು.

ಐದನೆಯದು, ದಂಡನೆಯ ಮಾತು. ಈ ಕಟ್ಟಳೆಯನ್ನು ಮುರಿದವನು ರಾಜದ್ರೋಹಿ. ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಅವನು ತಪಸ್ವಿಯಾಗಿರಲಿ, ಗ್ರಾಮದ ಮುಖ್ಯಸ್ಥನಾಗಿರಲಿ, ಪಾಪ ತಪ್ಪದು. ಕಾವಿಗೂ ವಿನಾಯಿತಿ ಇಲ್ಲ, ಅಧಿಕಾರಕ್ಕೂ ವಿನಾಯಿತಿ ಇಲ್ಲ.

ಶಾಸನದ ಆರಂಭವನ್ನೂ ಗಮನಿಸಿ. ಜೈನರ ಬಸದಿಯಲ್ಲಿರುವ ಈ ಕಲ್ಲು ತೊಡಗುವುದು ರಾಮಾನುಜಾಚಾರ್ಯರ ಸ್ತುತಿಯಿಂದ. ತೀರ್ಪು ಕೊಟ್ಟ ಬುಕ್ಕರಾಯನಾದರೋ ಹಂಪೆಯ ವಿರೂಪಾಕ್ಷನ ಭಕ್ತ. ಆ ವಂಶದ ಅರಸರು ಶಾಸನಗಳ ಕೊನೆಗೆ ರುಜು ಹಾಕುತ್ತಿದ್ದುದೇ ಶ್ರೀ ವಿರೂಪಾಕ್ಷ ಎಂದು. ಹೀಗೆ ಶೈವ ಅರಸನ ತೀರ್ಪು, ವೈಷ್ಣವ ಆಚಾರ್ಯನ ಸ್ತುತಿಯೊಡನೆ, ಜಿನಮಂದಿರದಲ್ಲಿ ನಿಂತಿತು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ರಕ್ಷಣೆಗಾಗಿ ಹಣ ಕೊಡಬೇಕಾದವರು ಯಾರು? ನೊಂದ ಜೈನರೇ. ಆ ಹಣವನ್ನು ಎತ್ತುವವನು ಯಾರು? ಬಲಿಷ್ಠ ಪಕ್ಷದ ಆಚಾರ್ಯ. ಇದು ಸಮಾನತೆಯೇ ಎಂದು ಯಾರಾದರೂ ಕೇಳಿದರೆ, ಅಲ್ಲ ಎನ್ನುವುದೇ ಪ್ರಾಮಾಣಿಕ ಉತ್ತರ. ದುರ್ಬಲರು ಬಲಿಷ್ಠರ ನೆರಳಿನಲ್ಲಿ ಬದುಕಬೇಕೆಂಬ ಅಂದಿನ ಲೋಕದ ರೀತಿ ಇಲ್ಲೂ ಇದೆ. ಹಣ ಅವರ ಅನುಮತಿಯಿಂದ, ಅವರ ದೇವರ ಕಾವಲಿಗೆ, ಅವರ ಬಸದಿಗಳ ದುರಸ್ತಿಗೆ ಹೋಗಬೇಕೆಂಬ ಕಟ್ಟಳೆ ಇದ್ದುದು ನಿಜ. ಆದರೂ ಇದು ಇಬ್ಬರು ಸಮಾನರ ನಡುವಿನ ಒಪ್ಪಂದವಾಗಿರಲಿಲ್ಲ. ಬುಕ್ಕರಾಯನನ್ನು ಇಂದಿನ ಸರ್ವಧರ್ಮ ಸಮಭಾವದ ಪ್ರವಾದಿಯೆಂದು ಹೊಗಳುವುದೂ ಬೇಡ, ಅವನು ಮಾಡಿದ್ದನ್ನು ರಾಜತಂತ್ರವೆಂದು ತಳ್ಳಿಹಾಕುವುದೂ ಬೇಡ. ದಕ್ಷಿಣದಲ್ಲಿ ಹೊಸ ರಾಜ್ಯ ಕಟ್ಟುತ್ತಿದ್ದವನಿಗೆ ಒಳಜಗಳ ಬೇಡವಾಗಿತ್ತು ಎಂಬುದು ಸಹಜ. ಆದರೆ ಬಲಿಷ್ಠರ ಪರವಾಗಿ ನಿಂತೂ ಅವನು ಶಾಂತಿಯನ್ನು ಪಡೆಯಬಹುದಾಗಿತ್ತು. ಅದು ಸುಲಭದ ದಾರಿ. ಆ ದಾರಿಯನ್ನು ಅವನು ಹಿಡಿಯಲಿಲ್ಲ. ಅವನ ಹಿರಿಮೆ ಅಷ್ಟೇ, ಆದರೆ ಅದು ಸಣ್ಣದಲ್ಲ.

ಶಾಸನದ ಕೊನೆಯ ಭಾಗ ನನಗೆ ಬಹಳ ಮುಖ್ಯವಾಗಿ ತೋರುತ್ತದೆ. ಕಲ್ಲೆಹದ ಬುಸುವಿಸೆಟ್ಟಿ ಎಂಬ ವರ್ತಕ ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದ. ಎರಡು ಸಮಯದವರೂ ಕೂಡಿ ಬುಸುವಿಸೆಟ್ಟಿಗೆ ಸಂಘನಾಯಕನೆಂಬ ಪಟ್ಟ ಕಟ್ಟಿದರು. ಅರಸನ ಆಜ್ಞೆ ಎಷ್ಟೇ ಒಳ್ಳೆಯದಾಗಿದ್ದರೂ ಅದು ತಾನಾಗಿ ನಡೆಯುವುದಿಲ್ಲ. ಅದನ್ನು ಹಿಡಿದು ಓಡಾಡುವ, ನೆನಪಿಸುವ, ಮತ್ತೆ ಬಾಗಿಲು ತಟ್ಟುವ ಒಬ್ಬ ಪ್ರಜೆ ಬೇಕು. ಬಿನ್ನಹ ಮಾಡುವುದು ಪ್ರಜೆಯ ಕರ್ತವ್ಯ. ಕಿವಿಗೊಡುವುದು ಅರಸನ ಕರ್ತವ್ಯ. ಎರಡೂ ಸೇರಿದಾಗಲೇ ನ್ಯಾಯ.

ವಿಜಯನಗರ ಕುಸಿದ ಮೇಲೆ ನಮ್ಮ ಈ ಸೀಮೆ ಪಾಳೆಯಗಾರರ ಕೈಗೆ ಬಂದಿತು. ಅರಕಲಗೂಡು ಪಟ್ಟಣವನ್ನು ಸುಮಾರು 1568ರಲ್ಲಿ ಕಟ್ಟಿದವನು ಐಗೂರು ಮನೆತನದ ಕೃಷ್ಣಪ್ಪನಾಯಕ. 1647ರಲ್ಲಿ ಮೈಸೂರಿನವರು ಅದನ್ನು ಹಿಡಿದರು. ಆಮೇಲೆ ಅದು ಇಕ್ಕೇರಿಯ ಶಿವಪ್ಪನಾಯಕನ ವಶವಾಯಿತು. 1694ರಲ್ಲಿ ಚಿಕ್ಕದೇವರಾಜ ಒಡೆಯರ ಸೈನ್ಯ ಮತ್ತೆ ಮುತ್ತಿ ಗೆದ್ದಿತು. ಹೇಮಾವತಿಯ ದಡದ ಹೊಳೆನರಸೀಪುರ 1667ರಲ್ಲಿ ಮೈಸೂರಿಗೆ ಸೇರಿತು. ಅರ್ಧ ಶತಮಾನದಲ್ಲಿ ಮೂರು ಸಲ ಒಡೆಯರು ಬದಲಾದರೆ ರೈತನ ಗತಿ ಏನು? ಗೆದ್ದವನಿಗೂ ಕಂದಾಯ ಕೊಡಬೇಕು, ಸೋತವನಿಗೂ ಕೊಟ್ಟಾಗಿರುತ್ತದೆ. ಅಂಥ ಹೊತ್ತಿನಲ್ಲಿ ರೈತ ಕೇಳುವ ಪ್ರಶ್ನೆ ಒಂದೇ: ಕೆರೆಯ ಏರಿ ಒಡೆದರೆ ಕಟ್ಟಿಸುವವನು ಯಾರು, ಪೈರು ಮೇಯಿಸುವ ದಂಡನ್ನು ತಡೆಯುವವನು ಯಾರು? ಇದಕ್ಕೆ ಉತ್ತರ ಕೊಡಬಲ್ಲವನನ್ನೇ ಜನ ಒಡೆಯನೆಂದು ಮನಸ್ಸಿನಲ್ಲಿ ಒಪ್ಪಿದರು. ಬಿರುದುಗಳನ್ನು ನೋಡಿ ಒಪ್ಪಲಿಲ್ಲ.

ಈಗ ಅರಸರಿಲ್ಲ. 1950ರ ಜನವರಿ 26ರಿಂದ ನಾವು ಗಣರಾಜ್ಯದ ಪ್ರಜೆಗಳು. 1971ರಲ್ಲಿ ಮಾಜಿ ಅರಸರ ರಾಜಧನವೂ ನಿಂತಿತು. ಆದರೆ ಅರಸರು ಹೋದರೆಂದು ಅರಸುತನದ ಹೊಣೆ ಹೋಗಲಿಲ್ಲ. ಅದು ಹಂಚಿಹೋಯಿತು. ಶಾಸನಸಭೆಗೆ ಒಂದು ಪಾಲು, ನ್ಯಾಯಾಲಯಕ್ಕೆ ಒಂದು ಪಾಲು, ತಾಲ್ಲೂಕು ಕಚೇರಿಗೆ ಒಂದು ಪಾಲು, ಗ್ರಾಮ ಪಂಚಾಯಿತಿಗೆ ಒಂದು ಪಾಲು. ಮತ ಹಾಕುವ ನಮಗೂ ಒಂದು ಪಾಲು ಬಂದಿದೆ. ಒಂದು ದೊಡ್ಡ ವ್ಯತ್ಯಾಸವೂ ಇದೆ. ಅಂದು ಭವ್ಯಜನರು ಬೇಡಿದ್ದು ಅರಸನ ಕೃಪೆಯನ್ನು; ಇಂದು ನಾವು ಕೇಳುವುದು ಸಂವಿಧಾನ ಕೊಟ್ಟ ಹಕ್ಕನ್ನು. ಕಾಪಾಡುವವರಿಗೆ ನೊಂದವರು ಮನೆಗೊಂದು ಹಣ ಕೊಡಬೇಕಾಗಿಲ್ಲ. ಎಲ್ಲರ ತೆರಿಗೆಯಿಂದ ಎಲ್ಲರ ಕಾವಲು ನಡೆಯಬೇಕು.

ಹಾಗಿದ್ದೂ ಬುಕ್ಕರಾಯನ ಐದು ಮಾತುಗಳು ಹಳತಾಗಿಲ್ಲ. ಇದ್ದ ಹಕ್ಕನ್ನು ಕಾಯಬೇಕು. ಬಲಿಷ್ಠರ ಮೇಲೆ ಹೊಣೆ ಹೊರಿಸಬೇಕು. ಅದಕ್ಕೆ ಹಣವನ್ನೂ ಆಳುಗಳನ್ನೂ ಒದಗಿಸಬೇಕು. ಆಜ್ಞೆಯನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಬೇಕು. ಮುರಿದವನು ಯಾರೇ ಆಗಲಿ ದಂಡಿಸಬೇಕು. ನಮ್ಮ ಊರುಗಳಲ್ಲಿ ಮೆರವಣಿಗೆಯ ದಾರಿಗೋ, ಸ್ಮಶಾನದ ಜಾಗಕ್ಕೋ, ಕುಡಿಯುವ ನೀರಿಗೋ ಜಗಳ ಹತ್ತಿದಾಗ ಶಾಂತಿಸಭೆ ನಡೆಯುತ್ತದೆ. ಮುಖಂಡರು ಕೈಕುಲುಕುತ್ತಾರೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಈ ಐದು ಮಾತುಗಳು ಬರಹಕ್ಕೆ ಇಳಿದವೇ ಎಂದು ಕೇಳುವವರು ಕಡಿಮೆ.

ಗೊಮ್ಮಟನನ್ನು ನೋಡಲು ಬೆಟ್ಟ ಹತ್ತುವವರಲ್ಲಿ ಬಹಳ ಜನ ಊರೊಳಗಿನ ಭಂಡಾರಿ ಬಸದಿಗೆ ಹೋಗುವುದಿಲ್ಲ. ಮುಂದಿನ ಸಲ ಹೋದಾಗ ದಯವಿಟ್ಟು ಅಲ್ಲಿಗೂ ಹೋಗಿ. ಜೊತೆಯಲ್ಲಿ ಮಕ್ಕಳಿದ್ದರೆ ಆ ಕಲ್ಲಿನಲ್ಲಿರುವ ಬುಕ್ಕರಾಯನ ಹೆಸರನ್ನು ಹೇಳಿ. ಬುಸುವಿಸೆಟ್ಟಿಯ ಹೆಸರನ್ನೂ ಮರೆಯದೆ ಹೇಳಿ. ಬುಕ್ಕರಾಯನಂಥ ಅರಸ ಮತ್ತೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಬುಸುವಿಸೆಟ್ಟಿಗಳು ಮಾತ್ರ ಪ್ರತಿ ಊರಿಗೂ ಬೇಕು.